ಕೋಳಿಗಳಿಗೆ ಶಿಸ್ತು ಕಲಿಸಿದ್ದು

ನನಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಎಲೆ ಅಡಿಕೆ ಕೂಡ ಊಟವಾದ ಮೇಲೆ ಒಂದೇ ಸಲ. ನನಗಿರುವ ಚಟ ಅಚ್ಚುಕಟ್ಟುತನ. ಇದನ್ನು ಗುಣವೆಂದು ತಿಳಿದವರು ಅಚ್ಚುಕಟ್ಟಾದ ಮನುಷ್ಯನ ಜೊತೆ ಒಂದೇ ಮನೆಯಲ್ಲಿ ಬಾಳಿದವರಲ್ಲ. ಒಮ್ಮೆ ಬೀಗರ ಮನೆಯಲ್ಲಿ ಉಣ್ಣಲು ಕುಳಿತಿದ್ದೆ. ಎದುರಿನ ಗೋಡೆಯ ಮೇಲಿನ ದೇವರ ಪಟ ಒಂದು ಬೆರಳಿನಷ್ಟು ವಾಲಿತ್ತು. ಬಾಯಿಗಿಟ್ಟ ಹೋಳಿಗೆ ರುಚಿಸಲಿಲ್ಲ. ಎದ್ದು ಹೋಗಿ ಪಟವನ್ನು ನೆಟ್ಟಗೆ ಮಾಡಲು ಹೋದೆ, ಅದು ಮೊಳೆ ಸಮೇತ ಕಿತ್ತು ಬಂದು ತುಪ್ಪದ ಗಿಂಡಿಯ ಮೇಲೆ ಬಿತ್ತು. ಬೀಗರು ಏನೂ ಅನ್ನಲಿಲ್ಲ. ಹೆಂಡತಿ ಲಕ್ಕವ್ವ ಮನೆ ಮುಟ್ಟುವ ತನಕ ಅಂದಳು.

ಈ ಚಟ ಅಂಟಿದ್ದು ಕಚೇರಿಯಲ್ಲಿ. ಜಮಖಂಡಿಯಲ್ಲಿ ಸಂಸ್ಥಾನವಿದ್ದಾಗ ಇಪ್ಪತ್ತಾರು ವರ್ಷ ದಫ್ತರದ ಕಾರಕೂನನಾಗಿದ್ದೆ. ಮರಾಠಿಯ ಮೋಡಿ ಲಿಪಿಯ ಹಳೆಯ ಕಾಗದಗಳನ್ನು ಊರುವಾರು ಬೇರ್ಪಡಿಸಿ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಸಾಲಾಗಿ ಇಡುವುದು ನನ್ನ ಕೆಲಸ. ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂತು. ಗಂಟುಗಳು ಗಾಡಿ ಹತ್ತಿ ಬಿಜಾಪುರಕ್ಕೆ ಹೋದವು, ನಾನು ಪಿಂಚಣಿ ಹಿಡಿದು ನನ್ನ ಊರು ಸಾವಳಗಿಗೆ ಬಂದೆ. ನಮ್ಮದು ಕುರಿ ಕಾಯ್ದ ಮನೆತನ. ಆದರೆ ಅಪ್ಪ ನನ್ನನ್ನು ಶಾಲೆಗೆ ಹಾಕಿದ್ದರಿಂದ ಕುರಿಯ ಬಾಯಿ ಯಾವ ಕಡೆ, ಬಾಲ ಯಾವ ಕಡೆ ಎನ್ನುವುದಕ್ಕಿಂತ ಹೆಚ್ಚಿನ ತಿಳಿವಳಿಕೆ ನನಗಿರಲಿಲ್ಲ.

ಅಲ್ಲಿಯವರೆಗೆ ನಾನು ಶನಿವಾರ ಬಂದು ಸೋಮವಾರ ಹೋಗುವ ಅತಿಥಿ. ಹೊಲ, ಮನೆ, ಎಮ್ಮೆ, ಎಲ್ಲವೂ ಲಕ್ಕವ್ವನ ಕೈಯಲ್ಲಿ ಸಲೀಸಾಗಿ ನಡೆದಿತ್ತು. ಈಗ ವಾರವಿಡೀ ಮನೆಯಲ್ಲಿ ಕುಳಿತವನಿಗೆ ಎಲ್ಲಿ ನೋಡಿದರೂ ತಪ್ಪು ಕಾಣತೊಡಗಿತು. ಸಗಣಿಯ ಕುಳ್ಳು ಒಟ್ಟಿದ್ದು ಸರಿಯಿಲ್ಲ, ಜೋಳದ ಚೀಲದ ಬಾಯಿ ಕಟ್ಟಿದ್ದು ಸರಿಯಿಲ್ಲ, ಎಮ್ಮೆ ನಿಂತದ್ದು ಸರಿಯಿಲ್ಲ. ಎಲ್ಲಕ್ಕಿಂತ ಸರಿಯಿಲ್ಲದ್ದು ಕೋಳಿಗಳು. ಒಂದು ಹುಂಜ, ಹದಿನಾಲ್ಕು ಹೇಂಟೆ. ಲಕ್ಕವ್ವ ತನ್ನ ತವರು ರನ್ನ ಬೆಳಗಲಿಯಿಂದ ಮರಿಗಳನ್ನು ಬುಟ್ಟಿಯಲ್ಲಿ ತಂದು ಸಾಕಿದ್ದಳು. ಹಗಲೆಲ್ಲ ತಿಪ್ಪೆ ಕೆದರಿ, ಓಣಿ ತಿರುಗಿ, ಹೊತ್ತು ಮುಳುಗಿದಾಗ ಕೊಟ್ಟಿಗೆಗೆ ಬರುತ್ತಿದ್ದವು. ಆ ವರ್ಷ ಅವುಗಳ ಮೇಲೆ ಅವಳಿಗೆ ಜೀವ. ಮಗಳು ಗಂಗವ್ವ ಚೊಚ್ಚಲ ಹೆರಿಗೆಗೆ ಬಂದಿದ್ದಳು, ಏಳು ತಿಂಗಳು. ಮೈಯಲ್ಲಿ ರಕ್ತ ಕಡಿಮೆ, ದಿನಕ್ಕೆರಡು ತತ್ತಿ ತಪ್ಪದೆ ಕೊಡಿ ಎಂದು ಡಾಕ್ಟರು ಹೇಳಿದ್ದರು. ಬೇಸಿಗೆಯಲ್ಲಿ ಊರ ಕೋಳಿಗಳೆಲ್ಲ ತತ್ತಿಗೆ ಜಿಪುಣವಾದರೂ ನಮ್ಮವು ಮಾತ್ರ ದಿನಕ್ಕೆ ಏಳೆಂಟು ಇಡುತ್ತಿದ್ದವು.

ಅವು ಕೆದರಿದ ತಿಪ್ಪೆ ನನ್ನ ಹಿತ್ತಲಿಗೆಲ್ಲ ಹರಡುವುದನ್ನು ನಾನು ಒಂದು ತಿಂಗಳು ಸಹಿಸಿದೆ. ಆಮೇಲೆ ಜಾಲಿಮುಳ್ಳು ತಂದು ಹಿತ್ತಲಿನ ಒಂದು ಮೂಲೆಗೆ ಬೇಲಿ ಹಾಕಿ ಕೋಳಿಗಳನ್ನು ಒಳಗೆ ಬಿಟ್ಟೆ. ನೆಲವನ್ನು ಗುಡಿಸಿ, ಸಗಣಿ ಸಾರಿಸಿ, ದೇವರ ಕೋಣೆಯ ಹಾಗೆ ಇಟ್ಟೆ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಒಂದೇ ತಗಡಿನ ಪರಾತದಲ್ಲಿ ಜೋಳದ ನುಚ್ಚು. ಅವು ನಾಲ್ಕೇ ನಿಮಿಷದಲ್ಲಿ ತಿಂದು ಮುಗಿಸಿ ಸುಮ್ಮನೆ ನಿಂತುಬಿಡುತ್ತಿದ್ದವು. ಮನೆಯಲ್ಲಿ ಇನ್ಯಾರೂ ನನ್ನ ಮಾತು ಇಷ್ಟು ಕೇಳುತ್ತಿರಲಿಲ್ಲವಾದ್ದರಿಂದ ನನಗೆ ಬಹಳ ಸಂತೋಷವಾಯಿತು.

ಕೆಲವು ದಿನಗಳ ಮೇಲೆ ಒಂದು ಕೋಳಿ ಇನ್ನೊಂದರ ಬಾಲದ ಪುಕ್ಕವನ್ನು ಮೆಲ್ಲಗೆ ಎಳೆಯುವುದನ್ನು ಕಂಡೆ. ಹಸನು ಮಾಡುತ್ತಿದೆ, ಶಿಸ್ತು ಬಂದ ಮೇಲೆ ಸ್ನೇಹವೂ ಬಂದಿದೆ ಎಂದುಕೊಂಡೆ. ವಾರದೊಳಗೆ ಐದು ಕೋಳಿಗಳ ಬೆನ್ನು ಬೋಳಾಯಿತು. ಬೆಳ್ಳಿ ಎಂದು ಲಕ್ಕವ್ವ ಕರೆಯುತ್ತಿದ್ದ ಬಿಳಿಯ ಕೋಳಿಯ ಬಾಲದ ಬುಡದಲ್ಲಿ ರಕ್ತ ಜಿನುಗಿತ್ತು. ತತ್ತಿ ಎಂಟರಿಂದ ಮೂರಕ್ಕೆ ಇಳಿಯಿತು.

"ಏನ್ರೀ ಇದು? ಸಾರು ಮಾಡಾಕ ಸುಲಿದಂಗ ಆಗೇತಲ್ರಿ ಬೆಳ್ಳಿ!" ಎಂದಳು ಲಕ್ಕವ್ವ.

"ಪುಕ್ಕ ಉದುರೂ ಕಾಲ ಇರಬೇಕು," ಎಂದೆ.

"ನಿಮ್ಮ ಬೇಲಿ ಬಂದ ಮ್ಯಾಲೇನ ಬಂತೇನ್ರಿ ಆ ಕಾಲ?"

ಪ್ರಶ್ನೆಗೆ ಉತ್ತರವಿಲ್ಲದಾಗ ಔಷಧಿಗೆ ಕೈ ಹಾಕುವುದು ಗಂಡಸರ ರೂಢಿ. ಗಾಯಕ್ಕೆ ಅರಿಶಿನ ಒಳ್ಳೆಯದೆಂದು ಎಲ್ಲರಿಗೂ ಗೊತ್ತು. ನಮ್ಮವ್ವನ ಕಾಲು ಉಳುಕಿದಾಗ ಅರಿಶಿನಕ್ಕೆ ಸುಣ್ಣ ಕಲಸಿ ಹಚ್ಚಿದ್ದೂ ನೆನಪಿತ್ತು. ಒಂದು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು ಎಂದು ಲೆಕ್ಕ ಹಾಕಿ, ಎರಡನ್ನೂ ಕಲಸಿ ಐದೂ ಕೋಳಿಗಳ ಬೋಳು ಬೆನ್ನಿಗೆ ಅಂದವಾಗಿ, ಅಂಚು ಕೆಡದಂತೆ ಹಚ್ಚಿದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಆರತಿ ತಟ್ಟೆ ನೋಡಿದ ಯಾವ ಕೂಸಾದರೂ ಹೇಳೀತು. ಐದು ಬೆನ್ನುಗಳು ಓಕುಳಿಯಾಡಿದಂತೆ ಕೆಂಪಾದವು. ನಾನು ಕೈ ತೊಳೆದು ಬರುವಷ್ಟರಲ್ಲಿ ಉಳಿದ ಒಂಬತ್ತೂ ಆ ಐದರ ಮೇಲೆ ಬಿದ್ದಿದ್ದವು. ಹುಂಜ ಮಾತ್ರ ಬೇಲಿಯ ಮೂಲೆಯಲ್ಲಿ ನಿಂತು ನನ್ನ ಕಡೆಗೇ ನೋಡುತ್ತಿತ್ತು.

ಲಕ್ಕವ್ವ ಓಡಿ ಬಂದು ಬೆಳ್ಳಿಯನ್ನು ಎತ್ತಿಕೊಂಡಳು. ಅದು ಕತ್ತು ಜೋತುಬಿಟ್ಟಿತ್ತು. ಅಡುಗೆಮನೆಯಲ್ಲಿ ಬುಟ್ಟಿಯ ಕೆಳಗೆ ಮುಚ್ಚಿಟ್ಟು ಬಾಯಿಗೆ ನೀರು ಬಿಡುತ್ತ ಕುಳಿತಳು. ಮರುದಿನ ಒಂದೇ ತತ್ತಿ, ಅದರ ಮರುದಿನ ಒಂದೂ ಇಲ್ಲ. ಗಂಗವ್ವ ಗೋಡೆಗೆ ಒರಗಿ ಕುಳಿತವಳು, "ಇರ್ಲಿ ಬಿಡಬೇ ಯವ್ವಾ, ನನಗ ತತ್ತಿ ಅಷ್ಟೇನ ಸೇರೂದಿಲ್ಲ," ಎಂದಳು. ಅವಳ ಉಗುರು, ತುಟಿ ಎಲ್ಲ ಬೆಳ್ಳಗಿದ್ದವು. ಇಪ್ಪತ್ತಾರು ವರ್ಷ ಒಂದು ಕಾಗದ ಕಳೆಯದೆ ಕಾಯ್ದವನು ಮಗಳ ಎರಡು ತತ್ತಿ ಕಾಯಲಾರದೆ ಹೋದೆನಲ್ಲ ಎಂದು ನನಗೆ ನಿಜವಾಗಿಯೂ ನಾಚಿಕೆಯಾಯಿತು.

ನಾನೇ ಹೋಗಿ ಮಾಳಪ್ಪ ಕಾಕಾನನ್ನು ಕರೆತಂದೆ. ನಮ್ಮಪ್ಪನ ಜೊತೆಗೆ ಕುರಿ ಕಾಯ್ದವನು, ಈಗಲೂ ಕಾಯುತ್ತಾನೆ. ಬೇಲಿಯ ಹೊರಗೆ ಕಂಬಳಿ ಹಾಸಿ ಕುಳಿತು ಕೋಳಿಗಳನ್ನು ನೋಡಿದ.

"ತಮ್ಮಾ, ನೀ ಕೋಳಿ ಸಾಕೀಯೋ, ಕಚೇರಿ ತಗದೀಯೋ?" ಎಂದ.

"ರೋಗ ಏನಂತ ಹೇಳ ಕಾಕಾ," ಎಂದೆ.

"ರೋಗ ಎಲ್ಲೈತಿ? ಮಳಿ ಹಿಡದಾಗ ಕುರಿ ಎರಡ ದಿನಾ ದಡ್ಡ್ಯಾಗ ಕೂಡಿಹಾಕಿದ್ರ ಏನ್ ಮಾಡತಾವ? ಒಂದರ ಕೂದಲಾ ಒಂದು ಹರಕೊಂಡ ತಿಂತಾವ. ನಿಮ್ಮಪ್ಪನ್ನ ಕೇಳಿದ್ರ ಹೇಳತಿದ್ದ. ಕೋಳಿ ಜಲ್ಮ ಇರೂದ ಕುಕ್ಕಾಕ. ನೆಲದಾಗ ಒಂದು ಹುಳಾ, ಒಂದು ಕಡ್ಡಿ ಬಿಟ್ಟಿಲ್ಲ ನೀ. ಕುಕ್ಕಾಕ ಉಳದದ್ದು ಬಾಜೂದಾಕಿ ಬೆನ್ನು ಒಂದ. ಮತ್ತ ಮ್ಯಾಲೆ ಕೆಂಪು ಬ್ಯಾರೆ ಹಚ್ಚೀದಿ. ಕೋಳಿಗಿ ಕೆಂಪು ಕಂಡ್ರ ಉಣ್ಣಾಕ ಬಾ ಅಂದಂಗ."

ಆಮೇಲೆ ಅವನು ಹೇಳಿದ, ನಾನು ಮಾಡಿದೆ. ಹಂಚಿನ ಮಸಿಗೆ ಕುಸುಬೆ ಎಣ್ಣೆ ಕಲಸಿ ಗಾಯಗಳಿಗೆ ಹಚ್ಚಿದೆ. ಕಪ್ಪಾದ ಬೆನ್ನಿನ ಕಡೆಗೆ ಹೆಚ್ಚಿನ ಕೋಳಿಗಳು ತಿರುಗಿಯೂ ನೋಡಲಿಲ್ಲ. ಪರಾತ ಒಳಗೆ ಹೋಯಿತು. ನಾನು ಸಾರಿಸಿದ ನೆಲದ ಮೇಲೆ ಮೊಣಕಾಲುದ್ದ ಹೊಟ್ಟು ಸುರಿದು ಅದರೊಳಗೆ ಕಾಳು ಚೆಲ್ಲಿದೆವು. ಒಂದೊಂದು ಕಾಳಿಗೂ ಕೆದರಿ ಹುಡುಕಬೇಕು. ಮೆಂತೆ ಸೊಪ್ಪಿನ ಸಿವುಡನ್ನು ಕೋಳಿ ಕತ್ತು ಚಾಚುವಷ್ಟು ಎತ್ತರಕ್ಕೆ ತೂಗುಬಿಟ್ಟೆವು. ತತ್ತಿ ಇಡುವ ಬುಟ್ಟಿಗಳಿಗೆ ಹರಿದ ಕಂಬಳಿ ಮುಚ್ಚಿ, ಬೇರೆಯವಕ್ಕೆ ಕಾಣದಂತೆ ಕತ್ತಲೆ ಮಾಡಿದೆವು. ಬೇಲಿ ಒಡೆದು ತಿಪ್ಪೆಗೆ ದಾರಿ ಬಿಟ್ಟೆ. ಇಷ್ಟು ದಿನ ಒಳಗೇ ಇದ್ದುದರಿಂದ ನಡುವಿನ ಬಯಲಲ್ಲಿ ಹದ್ದಿಗೆ ಹೆದರಿ ಅವು ಬೇಲಿಯ ಬಾಯಲ್ಲೇ ನಿಂತವು. ಅಲ್ಲಲ್ಲಿ ಬೇವಿನ ಟೊಂಗೆಗಳನ್ನು ಒರಗಿಸಿ ಮರೆ ಮಾಡಿದ ಮೇಲೆ ಒಂದೊಂದಾಗಿ ಹೊರಬಿದ್ದವು. ಹಿತ್ತಲು ನೋಡಲಾರದಂತಾಯಿತು. ನಾನು ನೋಡದಿರಲು ಅಭ್ಯಾಸ ಮಾಡಿದೆ.

ಹೊರಡುವಾಗ ಮಾಳಪ್ಪ ಕಾಕಾ ಲಕ್ಕವ್ವನಿಗೆ ಒಂದು ಮಾತು ಹೇಳಿದ: "ಈ ಚಟ ಎಲ್ಲಾಕೂ ಒಮ್ಮೆಲೆ ಹತ್ತೂದಿಲ್ಲವ್ವಾ. ಮೊದಲ ಒಂದು ಚಾಲೂ ಮಾಡತೈತಿ, ಅದನ್ನ ನೋಡಿ ಉಳದವು ಕಲೀತಾವ. ಅದನ್ನ ಹುಡುಕಿ ಒಂದ ಹದಿನೈದ ದಿನಾ ಹಿಂಡಿನಿಂದ ದೂರ ಇಡು. ಹೊಡೀಬ್ಯಾಡ, ಬಡೀಬ್ಯಾಡ. ದೂರ ಇಟ್ರ ಸಾಕು."

ಹುಡುಕುವುದು ನನಗೆ ಒಪ್ಪುವ ಕೆಲಸ. ಪೆನ್ಸಿಲ್ಲು, ಕಾಗದ ಹಿಡಿದು ಎರಡು ದಿನ ಒಗೆಯುವ ಕಲ್ಲಿನ ಮೇಲೆ ಕುಳಿತು, ಯಾವುದು ಯಾವುದನ್ನು ಎಷ್ಟು ಸಲ ಕುಕ್ಕಿತೆಂದು ಬರೆದುಕೊಂಡೆ. ನಡುನಡುವೆ ಲಕ್ಕವ್ವನಿಗೆ ಹೊಟ್ಟು ಸಮನಾಗಿ ಹರಡಿಲ್ಲವೆಂದೂ, ಗಂಗವ್ವನಿಗೆ ನೆಟ್ಟಗೆ ಕೂತುಕೊಳ್ಳಬೇಕೆಂದೂ, ಎಮ್ಮೆಗೆ ಅತ್ತ ಸರಿಯಬೇಕೆಂದೂ ಹೇಳುತ್ತಿದ್ದೆ. ಸಂಶಯ ಕಂದು ಬಣ್ಣದ ಕೋಳಿಯೊಂದರ ಮೇಲೆ ಬಂದು ನಿಂತಿತು.

ಮೂರನೆಯ ದಿನ ಮುಂಜಾನೆ ಎದ್ದಾಗ ಪಡಸಾಲೆಯಲ್ಲಿ ಒಂದು ಬುತ್ತಿಗಂಟು, ಅದರ ಮೇಲೆ ಮಡಿಚಿದ ಕಂಬಳಿ ಇತ್ತು.

"ಸಿಕ್ಕಿತಲೇ ಲಕ್ಕೀ, ಕಂದು ಬಣ್ಣದ್ದು," ಎಂದೆ.

"ಅದಲ್ರಿ. ನನಗ ಎಂದೋ ಸಿಕ್ಕೇತಿ," ಎಂದಳು. "ಮಾಳಪ್ಪ ಕಾಕಾ ಇವತ್ತ ಕುರಿ ಹೊಡಕೊಂಡು ಬೀಳಗಿ ಕಡೆ ಹೊಂಟಾನ. ನೀವೂ ಹೋಗಿ ಬರ್ರಿ."

"ನಾನ್ಯಾಕ?"

ಅವಳು ಗಂಟನ್ನು ನನ್ನ ಕೈಗೆ ಕೊಟ್ಟಳು. "ಹೊಡೀಬ್ಯಾಡ, ಬಡೀಬ್ಯಾಡ ಅಂದಾನ್ರಿ ಕಾಕಾ. ದೂರ ಇಟ್ರ ಸಾಕಂತ."

ಹದಿನೈದು ದಿನ ಕುರಿಗಳ ಹಿಂದೆ ನಡೆದೆ. ಮೊದಲ ಮೂರು ದಿನ ಅವುಗಳನ್ನು ಸಾಲಾಗಿ ನಡೆಸಲು ನೋಡಿದೆ. ಆಮೇಲೆ ಕಾಲು ನೋವು ಬಂದು ಅದನ್ನು ಕೈಬಿಟ್ಟೆ. ತಿರುಗಿ ಬಂದಾಗ ಬೆಳ್ಳಿ ತಿಪ್ಪೆಯ ಮೇಲಿತ್ತು, ಬೋಳು ಬೆನ್ನಿನಲ್ಲಿ ಸೂಜಿಮೊನೆಯಂಥ ಹೊಸ ಪುಕ್ಕ. ಬುಟ್ಟಿಯಲ್ಲಿ ಆರು ತತ್ತಿ ಇದ್ದವು. ಗಂಗವ್ವ ಕುದಿಸಿದ ತತ್ತಿ ಸುಲಿಯುತ್ತ ನನ್ನನ್ನು ನೋಡಿ ನಕ್ಕಳು, ತುಟಿಗೆ ಬಣ್ಣ ಬಂದಿತ್ತು. ನನಗೆ ಕಣ್ಣು ತುಂಬಿ ಬಂತು.

"ಇನ್ನ ಹಿಂಡಿನಾಗ ಬಿಡಬಹುದೇನ ಕಾಕಾ?" ಎಂದು ಲಕ್ಕವ್ವ ಬಾಗಿಲಲ್ಲಿ ನಿಂತಿದ್ದ ಮಾಳಪ್ಪನನ್ನು ಕೇಳಿದಳು.

"ಬಿಡವ್ವಾ. ಆದ್ರ ಎರಡ ದಿನಾ ಕಣ್ಣಿಟ್ಟಿರು," ಎಂದ ಅವನು.

ಇದಾಗಿ ಮೂರು ವರ್ಷವಾಯಿತು. ಮೊಮ್ಮಗ ಈಗ ಕೋಳಿಗಳ ಹಿಂದೆ ಓಡುತ್ತಾನೆ. ಲಕ್ಕವ್ವ ಇನ್ನೂ ಕಣ್ಣಿಟ್ಟೇ ಇದ್ದಾಳೆ.