ಮಾಂಸಖಂಡದವನಿಗೆ ಮುಂಡು

ಕಲೆಯೂ ಶರೀರಶಾಸ್ತ್ರವೂ ಒಂದೇ ಗೋಡೆಯಲ್ಲಿ ಸೇರಿದರೆ ಯಾರದಾದರೂ ಮರ್ಯಾದೆ ಹೋಗುವುದು ಖಂಡಿತ. ಮೂಡುಬಿದಿರೆಯ ನಮ್ಮ ನರ್ಸಿಂಗ್ ಶಾಲೆಯಲ್ಲಿ ಅದು ಯಾವಾಗಲೂ ಮೇಟ್ರನ್ ಆದ ನನ್ನದೇ. ಈ ಸಲವಂತೂ ತಪಾಸಣೆಯಲ್ಲಿ ಸೋತರೆ ಶಾಲೆಯ ಮಾನ್ಯತೆಯೇ ಹೋಗುವುದಿತ್ತು.

೧. ಉಡುಪು

ಪ್ರಯೋಗಕೋಣೆಯ ಗೋಡೆಯಲ್ಲಿ ಆಳೆತ್ತರದ ಸ್ನಾಯುಚಿತ್ರ ಬರೆಯಲು ಬೆಳ್ತಂಗಡಿಯಿಂದ ಪೇಂಟರನ್ನು ಕರೆಸಿದೆ. ದೇವಸ್ಥಾನದ ಗೋಡೆಗಳಲ್ಲಿ ಪಳಗಿದ ಕೈ. ಪುಸ್ತಕ ನೋಡಿ ಸ್ನಾಯುಗಳನ್ನು ನಾರು ನಾರಾಗಿ ಬಿಡಿಸಿದರು. ನಾನು ಕಾನ್ವೆಂಟಿನಲ್ಲಿ ಮಂಡಿ ಮುಚ್ಚುವ ಲಂಗ ತೊಟ್ಟು ಬೆಳೆದವಳು.

"ಸೊಂಟದಿಂದ ಮೊಣಕಾಲಿನವರೆಗೆ ಒಂದು ಮುಂಡು ಉಡಿಸಿ" ಎಂದೆ.

"ಮೇಡಂ, ಇವನ ಚರ್ಮವನ್ನೇ ತೆಗೆದಾಗಿದೆ. ಇನ್ನು ನಾಚಿಕೆ ಎಲ್ಲಿ ಉಂಟು?"

"ಇಲ್ಲಿ ಹುಡುಗಿಯರು ಕಲಿಯುತ್ತಾರೆ."

"ಆಯಿತು. ಅಂಚು ಯಾವ ಬಣ್ಣದ್ದು?"

ನಾನು ಸ್ವಲ್ಪ ಯೋಚಿಸಿ "ಹಸಿರು" ಎಂದದ್ದು ನೆನೆದರೆ ಈಗಲೂ ತಲೆ ತಗ್ಗುತ್ತದೆ.

೨. ಕಣ್ಣು

ಶುಕ್ರವಾರ ತಪಾಸಣೆ. ಬೆಳಿಗ್ಗೆ ನೋಡಿದರೆ ಚಿತ್ರಕ್ಕೆ ಕಣ್ಣುಗುಡ್ಡೆಯೇ ಇಲ್ಲ. ಪೇಂಟರ್ ಬಂದದ್ದು ಹತ್ತೂವರೆಗೆ, ತಪಾಸಣಾಧಿಕಾರಿಣಿಯ ಕಾರಿನ ಹಿಂದೆಯೇ.

"ಬೇಗ ಬಿಡಿಸಿ" ಎಂದೆ.

"ಕಣ್ಣು ಕೊನೆಗೆ, ಒಳ್ಳೆಯ ಹೊತ್ತು ನೋಡಿಯೇ ಬಿಡಿಸುವುದು. ಈಗ ರಾಹುಕಾಲ."

"ಇದು ದೇವರಲ್ಲ, ಪಾಠದ ಚಿತ್ರ."

"ಯಾರದ್ದಾದರೂ ಕಣ್ಣು ಕಣ್ಣೇ ಅಲ್ವಾ ಮೇಡಂ?"

ಅಧಿಕಾರಿಣಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ವಿಜ್ಞಾನದ ಪರವಾಗಿ ಕ್ಷಮೆ ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬ್ಯಾಗು ಕೆಳಗಿಟ್ಟರು. "ರಾಹುಕಾಲದಲ್ಲಿ ನಾನೂ ಸಹಿ ಹಾಕುವುದಿಲ್ಲ. ಕಾಫಿ ತರಿಸಿ."

೩. ಸೂಜಿ

ಹನ್ನೆರಡು ಕಳೆದ ಮೇಲೆ ಕಣ್ಣು ಬಂತು. ಎಲ್ಲಿ ನಿಂತರೂ ನಮ್ಮನ್ನೇ ನೋಡುವ ಕಣ್ಣು. ಅಧಿಕಾರಿಣಿ ಬಂಟ್ವಾಳದ ವಿದ್ಯಾರ್ಥಿನಿಯೊಬ್ಬಳನ್ನು ಕರೆದರು.

"ತೊಡೆಗೆ ಇಂಜೆಕ್ಷನ್ ಯಾವ ಸ್ನಾಯುವಿಗೆ ಕೊಡುತ್ತೀರಿ? ಚಿತ್ರದಲ್ಲಿ ತೋರಿಸಿ."

ತೊಡೆ ಮುಂಡಿನೊಳಗೆ. ಹುಡುಗಿ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ರೋಗಿಯನ್ನು ಕೇಳದೆ ಬಟ್ಟೆ ಮುಟ್ಟಬಾರದೆಂದು ದಿನಾ ಗದರಿಸುವವಳೂ ನಾನೇ. ಅವಳು ಹೋಗಿ ಕೈ ತೊಳೆದು ಬಂದಳು. ಗೋಡೆಯ ಮುಂದೆ ನಿಂತು, ಆ ಕಣ್ಣನ್ನೇ ನೋಡುತ್ತ ಮೆಲ್ಲಗೆ ಹೇಳಿದಳು:

"ಅಣ್ಣಾ, ಒಂದು ಇಂಜೆಕ್ಷನ್ ಉಂಟು. ಮುಂಡು ಸ್ವಲ್ಪ ಮೇಲೆ ಮಾಡ್ತೀರಾ?"

ಅಧಿಕಾರಿಣಿ ಗೋಡೆಯ ಕಡೆ ನೋಡಿ ಸ್ವಲ್ಪ ಹೊತ್ತು ಕಾದರು. ಆಮೇಲೆ ಪೆನ್ನು ತೆಗೆದು ಸಹಿ ಹಾಕಿದರು.

"ಮಾನ್ಯತೆ ಕೊಟ್ಟಿದ್ದೇನೆ. ಹುಡುಗಿಯರಿಗೆ ಶಿಸ್ತು ಚೆನ್ನಾಗಿ ಕಲಿಸಿದ್ದೀರಿ, ಮೇಟ್ರನ್. ನಿಮ್ಮ ರೋಗಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ."