ಅತ್ತಿಗೆಯ ಕೈನೇಸು

ನಮ್ಮ ಅತ್ತಿಗೆಗೆ ಯಾವುದಾದರೂ ಸಲೀಸಾಗಿ ನಡೆಯುತ್ತಿದ್ದರೆ ಸಹಿಸಲಾಗದು! ತಕ್ಷಣ ಅದನ್ನು ನಿಲ್ಲಿಸಿ ನೋಡಬೇಕು. ಅಣ್ಣನ ಕೈಹಿಡಿದು ಕೊಡಿಗೇನಹಳ್ಳಿಯ ನಮ್ಮ ಮನೆಗೆ ಬಂದ ಮೊದಲ ವಾರವೇ, ಅಮ್ಮನ ಹುಳಿತೇಗಿಗೆ ಕಾರಣ ಹುಡುಕುತ್ತೇನೆಂದು ಅವರ ಕಾಫಿ ನಿಲ್ಲಿಸಿದರು.

ತಪ್ಪು ಅವರದಲ್ಲ, ಕಸುಬಿನದು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಪಿಎಚ್‌ಡಿ ಮಾಡುತ್ತಾರೆ. ಜೀವಕೋಶದೊಳಗೆ ಸುದ್ದಿ ದಾಟಿಸುವ ಕೈನೇಸ್ ಎಂಬ ಕಿಣ್ವಗಳಿವೆಯಂತೆ. ಔಷಧಿ ಹಾಕಿ ಒಂದರ ಕೆಲಸ ತಡೆಯುವುದು, ಕೋಶ ಏನು ಮಾಡುವುದನ್ನು ಬಿಟ್ಟಿತೆಂದು ನೋಡುವುದು. ಫ್ಯೂಸ್ ಕಿತ್ತು ಯಾವ ಬಲ್ಬು ಆರಿತೆಂದು ನೋಡಿದ ಹಾಗೆ. ಪಕ್ಕದ ಮನೆಯ ಅಜ್ಜಿಗೆ ಮಾತ್ರ ಅದು 'ಚೈನೀಸ್' ಎಂದು ಕೇಳಿಸಿತು.

"ಗೋಬಿ ಮಂಚೂರಿ ಕಲ್ಯಾಕೆ ನಿಮ್ಮತ್ತಿಗೆ ಬೆಂಗ್ಳೂರ್ಗಂಟ ಹೋಗ್ಬೇಕೇನ್ಲಾ? ಮಧುಗಿರಿ ಬಸ್‌ಸ್ಟ್ಯಾಂಡ್ ತಾವೇ ಗಾಡಿ ಐತಲ್ಲ!"

ಕಾಫಿ ನಿಂತ ಮೂರೇ ದಿನಕ್ಕೆ ಹುಳಿತೇಗು ಮಾಯ. ಅಮ್ಮ ಹಿಗ್ಗಿದರೆ ಅತ್ತಿಗೆ ಹುಬ್ಬು ಗಂಟಿಕ್ಕಿದರು.

"ಕಾಫಿ ಜೊತೆ ತಿಂತಿದ್ದ ಕಡ್ಲೆಕಾಯಿನೂ ನಿಂತೋಯ್ತಲ್ಲತ್ತೆ? ಯಾವ್ದರಿಂದ ಹೋಯ್ತು ಅಂತ ಹೆಂಗೆ ಹೇಳಾದು? ಕಾಫಿ ಶುರು ಮಾಡಿ, ಕಡ್ಲೆಕಾಯಿ ಬುಟ್ಬುಡಿ."

"ತೇಗು ಹೋಯ್ತಲ್ಲ, ಸಾಕು ಬುಡು ತಾಯಿ!" ಎಂದು ಅಮ್ಮ ಕೈಮುಗಿದರು. ಇಂಥವರೊಡನೆ ಸಂಸಾರ ಮಾಡುವ ನಮ್ಮಣ್ಣನಿಗೆ ಸ್ವರ್ಗ ಕಟ್ಟಿಟ್ಟ ಬುತ್ತಿಯಲ್ಲವೇ?

ಹೋದ ತಿಂಗಳು ಊರಿಗೆ ಬಂದ ಅತ್ತಿಗೆ ಬ್ಯಾಗು ಇಳಿಸಿದವರೇ ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದರು. ಗಾಯ ಮಾಯುವಾಗ ಕೋಶಗಳನ್ನು ಮುಂದೆ ಸರಿಸುವುದು ಇಂಥದೇ ಕೈನೇಸ್ ಎಂದು, ಅದನ್ನು ತಡೆದು ಕೋಶಗಳನ್ನು ನಿಲ್ಲಿಸಿದ ಒಂದು ಔಷಧಿಯನ್ನು ನಂಬಿ ಮೂರು ವರ್ಷ ದುಡಿದಿದ್ದರು. ಪ್ರಬಂಧ ಒಪ್ಪಿಸಲು ಇನ್ನು ಹತ್ತೇ ದಿನ. ಖಾತ್ರಿಗೆಂದು ಅದೇ ಕೈನೇಸನ್ನು ತಡೆಯುವ ಬೇರೊಂದು ಔಷಧಿ ಹಾಕಿದರೆ, ಕೋಶಗಳು ತಮ್ಮ ಪಾಡಿಗೆ ತಾವು ಹೊರಟೇಬಿಟ್ಟವು! ಮೊದಲ ಔಷಧಿ ಈ ಕೈನೇಸಿನ ಜೊತೆಗೆ ಇನ್ಯಾವುದನ್ನೋ ತಡೆದಿತ್ತು. ಕೋಶಗಳು ನಿಂತದ್ದಕ್ಕೆ ಅದೇ ನಿಜವಾದ ಕಾರಣವಂತೆ.

"ಯಾರ್ಗೆ ಗೊತ್ತಾಗ್ತದೆ? ಸುಮ್ನೆ ಕೊಟ್ಬುಡಿ ಅತ್ತಿಗೆ," ಎಂದೆ.

"ನಾನ್ ಬರ್ದಿದ್ನ ನಂಬ್ಕಂಡು ಇನ್ಯಾರೋ ಮೂರ್ ವರ್ಸ ಹಾಳ್ಮಾಡ್ಕೊಂತಾರೆ ಕಣಪ್ಪ. ಗೈಡ್‌ಗೆ ಹೇಳ್ಬುಡ್ತೀನಿ. ಮೊದ್ಲಿಂದ ಮಾಡ್ಬೇಕು, ಅಷ್ಟೇ."

ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಬಸ್ಸಿನ ಬಳಿ ಅಮ್ಮ ಅವರ ಎರಡೂ ಕೈ ಹಿಡಿದುಕೊಂಡರು. "ಇನ್ನೂ ಎಷ್ಟ್ ವರ್ಸನಾರ ಆಗ್ಲಿ ಕಣಮ್ಮ. ಸುಳ್ ಬರೀಬ್ಯಾಡ. ಯಾರಾನ ಏನಾನ ಅಂದ್ರೆ ನಾನಿವ್ನಿ."

ಅಲ್ಲಿಯವರೆಗೂ ಗಟ್ಟಿಯಾಗಿದ್ದ ಅತ್ತಿಗೆ ಅಮ್ಮನ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟರು. ಕಂಡಕ್ಟರ್ ಸೀಟಿ ಊದಿದ.

"ಒಂದ್ನಿಮ್ಸ ಇರಣ್ಣಾ," ಎಂದೆ. ಅತ್ತಿಗೆಯ ಬ್ಯಾಗು ಹಿಡಿದು ಬಸ್ಸಿನ ಬಾಗಿಲಿಗೆ ಅಡ್ಡ ನಿಂತೆ.