ನೀರಿನ ಟಾಕಿ ಮಾಡುವವನ ರೇಸ್ ದೋಣಿ

ಫೈಬರ್‌ಗ್ಲಾಸ್ ಕೆಲಸದವನ ಹತ್ತಿರ ಜನ ಏನು ಬೇಕಾದರೂ ಕೇಳುತ್ತಾರೆ. ರಾಯಚೂರಿನ ನನ್ನ ಶೆಡ್ಡಿನಲ್ಲಿ ನೀರಿನ ಟಾಕಿ, ಬಚ್ಚಲ ಬಾಗಿಲು ಮಾಡುತ್ತೇನೆ. ಒಬ್ಬರು ಬಂದು ಆನೆಯ ಸೊಂಡಿಲು ಮಾತ್ರ ಮಾಡಿಸಿಕೊಂಡು ಹೋದದ್ದೂ ಉಂಟು. ಆದರೆ ಹೋದ ವರ್ಷ ಬಂದ ಗಿರಾಕಿಯಂಥವರು ಮತ್ತೊಬ್ಬರಿಲ್ಲ.

ಎಷ್ಟು ಲೀಟರಿಂದು?

ಅವರು ನೌಕಾಪಡೆಯಿಂದ ನಿವೃತ್ತರಾಗಿ ದೇವದುರ್ಗದಲ್ಲಿ ನೆಲೆಸಿದ ಹಿರಿಯರು. ನಾವು ಅವರನ್ನು ನೇವಿ ಕಾಕಾ ಅನ್ನುತ್ತಿದ್ದೆವು. ಮೇಜಿನ ಮೇಲೆ ರೇಸಿನ ಹಾಯಿದೋಣಿಯ ನಕ್ಷೆ ಹಾಸಿದರು. ಚೂಪು ಮೂತಿ, ತೆಳ್ಳನೆಯ ಮೈ, ಎತ್ತರದ ಕಂಬ.

"ಮೊಣಕಾಲು ಹೋಗಾಕತ್ಯಾವ. ಪೂರಾ ಹೋಗೋದ್ರಾಗ ಇನ್ನೊಮ್ಮೆ ಗಾಳಿ ಹಿಡದು ಹೋಗಬೇಕು," ಅಂದರು.

ನಾನು ರೂಢಿಯಂತೆ, "ಎಷ್ಟು ಲೀಟರಿಂದ್ರೀ?" ಅಂದುಬಿಟ್ಟೆ.

"ಇಷ್ಟು ವರ್ಷ ನೀರು ಹೊರಗ ಹೋಗದಂಗ ಮಾಡೀದಿ. ಈಗ ಒಳಗ ಬರದಂಗ ಮಾಡು. ಅಷ್ಟ!"

ಪಾಪದ ಕೆಲಸ

ರೇಸ್ ದೋಣಿ ಹಗುರ ಇರಬೇಕು. ಗಾಜಿನ ನಾರಿನ ಪದರ ಹಾಸಿ, ರೆಸಿನ್ ಅಂಟು ಬಳಿದು, ಹೆಚ್ಚಾದದ್ದನ್ನು ಉಜ್ಜಿ ತೆಗೆದೆವು. ತಳದ ನಡುವೆ ಒಂದು ಉದ್ದ ಸೀಳು. ಅದರೊಳಗಿಂದ ಹಲಗೆಯೊಂದು ನೀರಿಗೆ ಇಳಿಯುತ್ತದೆ. ಅದಿಲ್ಲದಿದ್ದರೆ ಗಾಳಿ ದೋಣಿಯನ್ನು ಅಡ್ಡಡ್ಡ ತಳ್ಳುತ್ತದೆ. ಸೀಳಿನ ಸುತ್ತ ಎತ್ತರಕ್ಕೆ ಗೋಡೆ ಕಟ್ಟಿದರೆ ನೀರು ಒಳಗೆ ಬರುವುದಿಲ್ಲ.

ನಾನು ಊಟ ಮುಗಿಸಿ ಬರುವಷ್ಟರಲ್ಲಿ ಸೀಳೇ ಇಲ್ಲ! ನಮ್ಮ ಮೇಸ್ತ್ರಿ ಚಾಚಾ ನುಣ್ಣಗೆ ಮುಚ್ಚಿಬಿಟ್ಟಿದ್ದರು.

"ಚಾಚಾ, ಅದು ಬೇಕು."

"ಬೇಕಂದ್ರ ನೀವ ಕೊಯ್ರಿ ಮಾಲಕ್. ತಿಳದೂ ತಿಳದೂ ದೋಣಿಗೆ ತೂತು ಹಾಕಿದ್ರ, ಮ್ಯಾಲಿನವನಿಗೆ ನಾ ಏನಂತ ಹೇಳ್ಲಿ?"

ಗಬ್ಬೂರಿನ ಮುದುಕಿ

ಟೆಂಪೊದಲ್ಲಿ ದೋಣಿ ಹೇರಿಕೊಂಡು ದೇವದುರ್ಗಕ್ಕೆ ಹೊರಟು, ದಾರಿಯ ಗಬ್ಬೂರಿನಲ್ಲಿ ಚಹಾಕ್ಕೆ ನಿಂತೆವು. ನಮ್ಮ ಕಡೆ ದೋಣಿ ರಸ್ತೆಗೆ ಬರುವುದು ಪ್ರವಾಹ ಬಂದಾಗ ಮಾತ್ರ. ಬಸ್ಸಿಗೆ ಕಾಯುತ್ತಿದ್ದ ಮುದುಕಿ ಗಾಬರಿಯಾಗಿ ಎದ್ದಳು.

"ಯಪ್ಪಾ, ನೀರು ಎಲ್ಲಿತನಾ ಬಂದದ?"

"ಎಲ್ಲೂ ಬಂದಿಲ್ಲ ಯವ್ವಾ. ಸುಮ್ಮ ಆಡಾಕ ಹೊಂಟೀವಿ."

ಆಕೆ ಮತ್ತೆ ಕೂತಳು. "ನೀರು ಬರಲಿಲ್ಲಂದ್ರ ಕೊಡ ಹಿಡದು ಓಡ್ತೀವಿ, ಬಂತಂದ್ರ ಗಂಟು ಹೊತ್ತು ಓಡ್ತೀವಿ. ಅದರ ಕೂಡ ಆಡಾಕ ಬರ್ತದಂತ ಇವತ್ತ ಗೊತ್ತಾತು ನೋಡು!"

ತಲಿ ತಗ್ಗಸು

ಕೃಷ್ಣೆಯಲ್ಲಿ ಮೊಸಳೆ ಕಾಟ ಅಂತ ಒಂದು ಕೆರೆಗೆ ಇಳಿಸಿದೆವು. ಕಾಕಾನ ಹೆಂಡತಿ ಮಾನ್ವಿ ಊರಿನವರು, ನಮಗೆಲ್ಲ ಅಮ್ಮ. "ಒಬ್ಬರ ಹೋಗಿ ಬಿದ್ದೀರಿ," ಅಂತ ತಾವೂ ಹತ್ತಿ ಕೂತರು.

ಹಾಯಿ ಉಬ್ಬಿತು, ದೋಣಿ ವಾಲಿತು. ಕಾಕಾ ಅಂಚಿನಾಚೆ ಮೈ ಚಾಚಿ ತೂಗಿಸಿದರು. ಅವರ ಮುಖ ಹುಡುಗನದಾಗಿತ್ತು. ದಿಕ್ಕು ತಿರುಗಿಸುವಾಗ ಹಾಯಿಯ ಕೆಳಗಿನ ಅಡ್ಡಗೋಲು ಭರ್ರನೆ ಈಚೆಗೆ ಬೀಸುತ್ತದೆ.

"ತಲಿ ತಗ್ಗಸು!" ಅಂತ ಕಾಕಾ ಕೂಗಿದರು. ಅಮ್ಮ ತಗ್ಗಿಸಿದರು. ತಗ್ಗಿಸಿದರೋ ಇಲ್ಲವೋ ಅಂತ ನೋಡುತ್ತಿದ್ದ ಕಾಕಾ ತಮ್ಮ ತಲೆ ಮರೆತರು. ಧಡಲ್! ಕಾಕಾ ನೀರಿಗೆ.

ಸೊಂಟದಷ್ಟೇ ನೀರು. ಆದರೆ ಗಾಬರಿಯಲ್ಲಿ ಹಾಯಿಯ ಹಗ್ಗ ಹಿಡಿದುಕೊಂಡ ಅಮ್ಮನೊಬ್ಬರನ್ನೇ ಹೊತ್ತು ದೋಣಿ ಓಡತೊಡಗಿತು. ಕಾಕಾ ನೀರಿನಲ್ಲಿ ಎದ್ದು ನಿಂತು ಕೂಗಿದರು.

"ಹಗ್ಗ ಬಿಡು! ಹಾಯಿ ಹಗ್ಗ ಬಿಡು!"

ಅಮ್ಮ ಬಿಟ್ಟರು. ಹಾಯಿ ಸಡಿಲಾಗಿ ಪಟಪಟಿಸಿತು, ದೋಣಿ ನಿಂತಿತು. ಕಾಕಾ ಏದುಸಿರು ಬಿಡುತ್ತ ಹೋಗಿ ಅಂಚು ಹಿಡಿದರು. "ಕೈ ಕೊಡು, ಹತ್ತತೀನಿ."

ಅಮ್ಮ ಹಗ್ಗವನ್ನು ಮತ್ತೆ ಕೈಗೆ ತಗೊಂಡರು.

"ಲಗ್ನ ಆದಾಗಿಂದ ನೀವು ಹಡಗದಾಗ, ನಾ ದಂಡ್ಯಾಗ. ಇವತ್ತು ನೀವು ದಂಡ್ಯಾಗ ನಿಂದರ್ರಿ. ನಾ ಒಂದು ಸುತ್ತು ಹಾಕ್ಕೊಂಡು ಬರ್ತೀನಿ."